ಹೊಸ ಮ್ಯಾಕ್ ಬಂತು: ಈಗಲೇ ಕೊಳ್ಳೋದಾ, ಕಾಯೋದಾ?

(ಇದು 2024ರ ನವೆಂಬರ್ ತಿಂಗಳ ಮಾತು; ಬೆಲೆ, ಮಾಡೆಲ್ ಎಲ್ಲ ಆಗಿನವು. ಅದರ ಹಿಂದಿನ ಅಕ್ಟೋಬರ್ 28, 29, 30ರಂದು ಆಪಲ್ ದಿನಕ್ಕೊಂದರಂತೆ ಐಮ್ಯಾಕ್, ಪರದೆ ಇಲ್ಲದ ಪುಟ್ಟ ಡಬ್ಬದಂಥ ಮ್ಯಾಕ್ ಮಿನಿ, ಲ್ಯಾಪ್‌ಟಾಪ್ ಆದ ಮ್ಯಾಕ್‌ಬುಕ್ ಪ್ರೊ ಘೋಷಿಸಿತು. ಮೂರರಲ್ಲೂ ಆಪಲ್‌ನದೇ ಎಂ4 ಚಿಪ್, ಎಂ1, ಎಂ2, ಎಂ3ರ ನಂತರದ್ದು. ಗುಂಪಿನ ಪ್ರಶ್ನೆಗಳಿಗೆ, ಕಂಪ್ಯೂಟರ್ ಮಾರಾಟ ಮತ್ತು ರಿಪೇರಿ ಎರಡೂ ಮಾಡುವ ನಮ್ಮ ಸದಸ್ಯರೊಬ್ಬರ ಉತ್ತರ.)

ಪ್ರಶ್ನೆ: ಸರ್, ಹೊಸ ಮಿನಿಯ ಪವರ್ ಬಟನ್ ತಳದಲ್ಲಿದೆಯಂತೆ! ಎಲ್ಲ ಕಡೆ ಅದೇ ಜೋಕ್. ಇದನ್ನ ಯಾರು ಒಪ್ಪಿದರೋ?

ಉತ್ತರ: ನಿಜ, ಒಂದು ಮೂಲೆ ಎತ್ತಿ ಒತ್ತಬೇಕು. ಆದರೆ ಮ್ಯಾಕ್ ಇಟ್ಟುಕೊಂಡವರು ದಿನಾ ಆಫ್ ಮಾಡೋದು ಕಡಿಮೆ, ಸ್ಲೀಪ್‌ಗೆ ಬಿಡ್ತಾರೆ. ಕರೆಂಟ್ ಹೋಗಿ ಬಂದರೆ ತಾನೇ ಆನ್ ಆಗುವ ಸೆಟ್ಟಿಂಗ್ ಕೂಡ ಇದೆ. ನಮ್ಮ ಊರುಗಳಿಗೆ ಅದು ಬೇಕೇ ಬೇಕು.

ಮೊದಲ ದಿನದ ನಗು ಯಾವಾಗಲೂ ಫೋಟೋದಲ್ಲಿ ಕಾಣುವುದರ ಮೇಲೆ. ನಿಜವಾದ ಸುದ್ದಿ ಇರೋದು ಸ್ಪೆಸಿಫಿಕೇಶನ್ ಪಟ್ಟಿಯಲ್ಲಿ. 2020ರ ಎಂ1ನಿಂದ ಇಲ್ಲಿಯವರೆಗೆ ಅಗ್ಗದ ಮಿನಿಗೆ 8 ಜಿಬಿ ರ‍್ಯಾಮ್ ಕೊಡುತ್ತಿದ್ದರು. ಈಗ 16 ಜಿಬಿ, ಬೆಲೆ ಅದೇ ₹59,900. ಈ ಮೆಮೊರಿ ಚಿಪ್‌ನ ಜೊತೆಯಲ್ಲೇ ಕೂತಿರುತ್ತೆ, ಆಮೇಲೆ ಸೇರಿಸೋಕೆ ಆಗಲ್ಲ. "ಸರ್, ಇನ್ನೊಂದು 8 ಜಿಬಿ ಹಾಕಿಕೊಡಿ" ಅಂತ ಅಂಗಡಿಗೆ ಬರುವವರಿಗೆ ನಾನು ಇಲ್ಲ ಅಂತ ಹೇಳಿ ಹೇಳಿ ಸಾಕಾಗಿದೆ. ಬಟನ್ ಎಲ್ಲಾದರೂ ಇರಲಿ ಬಿಡಿ.

ಪ್ರಶ್ನೆ: ಸರ್, ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ಮ್ಯಾಕ್‌ಬುಕ್ ಏರ್ ಬೇಕು. ಎಂ4 ಏರ್ ಇನ್ನೂ ಬಂದಿಲ್ಲ. ಕಾಯಲಾ?

ಉತ್ತರ: ಎಂ3 ಏರ್ ಬಂದಿದ್ದು ಈ ವರ್ಷದ ಮಾರ್ಚ್‌ನಲ್ಲಿ. ಆ ಲೆಕ್ಕದಲ್ಲಿ ಎಂ4 ಏರ್ ಬರುವ ವರ್ಷದ ಮೊದಲ ಕೆಲವು ತಿಂಗಳಲ್ಲಿ ಬರಬಹುದು. ಇದು ನನ್ನ ಊಹೆ ಅಷ್ಟೇ. ಈಗಿನ ಲ್ಯಾಪ್‌ಟಾಪ್ ಹೇಗೋ ನಡೀತಿದ್ದರೆ ಕಾಯಿರಿ. ಕೆಟ್ಟು ಕೂತಿದ್ದರೆ ಸುಮ್ನೆ ಸೆಮಿಸ್ಟರ್ ಹಾಳು ಮಾಡಿಕೊಳ್ಳಬೇಡಿ, ಎಂ2 ಏರ್ ನಿಮ್ಮ ಕೋಡಿಂಗ್‌ಗೆ ಧಾರಾಳ.

ಒಂದು ಎಚ್ಚರಿಕೆ. ಅಕ್ಟೋಬರ್ 30ರಿಂದ ಎಂ2, ಎಂ3 ಏರ್‌ಗಳೂ 16 ಜಿಬಿಯಿಂದ ಶುರು. ಎಂ2 ಈಗಲೂ ₹99,900. ಆದರೆ ಅಂಗಡಿಗಳಲ್ಲಿ 8 ಜಿಬಿಯ ಹಳೇ ಸ್ಟಾಕ್ ಇರುತ್ತೆ. "ಆಫರ್" ಅಂತ ಅದನ್ನೇ ಕೈಗಿಡಬಹುದು. ಡಬ್ಬದ ಮೇಲಿನ ಚೀಟಿ ಓದಿಯೇ ದುಡ್ಡು ಕೊಡಿ.

ಪ್ರಶ್ನೆ: ಯೂಟ್ಯೂಬ್‌ನಲ್ಲಿ ಮುಂದಿನ ಮಾಡೆಲ್ ಹೀಗಿರುತ್ತೆ, ಹಾಗಿರುತ್ತೆ ಅಂತಾರಲ್ಲ, ನಂಬಬಹುದಾ?

ಉತ್ತರ: ಎಷ್ಟು ದೂರದ ಮಾತು ಅನ್ನೋದರ ಮೇಲಿದೆ. ಬ್ಲೂಮ್‌ಬರ್ಗ್‌ನ ಮಾರ್ಕ್ ಗರ್ಮನ್ ಆಗಸ್ಟ್‌ನಲ್ಲೇ ಮಿನಿ ತುಂಬಾ ಚಿಕ್ಕದಾಗುತ್ತೆ, ಹತ್ತಿರಹತ್ತಿರ ಟಿವಿಗೆ ಜೋಡಿಸುವ ಆಪಲ್ ಟಿವಿ ಡಬ್ಬದಷ್ಟು ಅಂತ ಬರೆದಿದ್ದರು. ಅಷ್ಟು ಚಿಕ್ಕದೇನೂ ಆಗಲಿಲ್ಲ, ಆದರೂ 12.7 ಸೆಂ.ಮೀ. ಚೌಕಕ್ಕೆ ಇಳಿಯಿತು. ಎಂ4 ಮ್ಯಾಕ್‌ಬುಕ್ ಪ್ರೊ ಅಂತೂ ಘೋಷಣೆಗೆ ವಾರಗಳ ಮುಂಚೆಯೇ ರಷ್ಯಾದ ಯೂಟ್ಯೂಬರ್ ಒಬ್ಬರ ಕೈಯಲ್ಲಿತ್ತು! ಫ್ಯಾಕ್ಟರಿ ಮೆಟ್ಟಿಲು ಇಳಿದ ಮಾಲು ಗುಟ್ಟಾಗಿ ಉಳಿಯಲ್ಲ.

ಆಸೆಯಿಂದ ಹುಟ್ಟಿದ ಭವಿಷ್ಯ ಬೇರೆ. 2003ರಲ್ಲಿ ಆಪಲ್‌ನ ಜಿ5 ಚಿಪ್‌ನ ಡೆಸ್ಕ್‌ಟಾಪ್ ಬಂದಾಗ, ಮುಂದಿನ ಸಲ ಜಿ5 ಪವರ್‌ಬುಕ್ (ಆಗಿನ ಆಪಲ್ ಲ್ಯಾಪ್‌ಟಾಪ್) ಬಂದೇ ಬರುತ್ತೆ ಅಂತ ಜನ ಪ್ರತಿ ಕಾರ್ಯಕ್ರಮಕ್ಕೂ ಕಾದರು. ಅದು ಬರಲೇ ಇಲ್ಲ. ಆ ಚಿಪ್‌ನ ಬಿಸಿ ತೆಳು ಲ್ಯಾಪ್‌ಟಾಪ್‌ನಲ್ಲಿ ತಡೆಯುವಂತಿರಲಿಲ್ಲ. ಕೊನೆಗೆ 2006ರ ಜನವರಿಯಲ್ಲಿ ಬಂದಿದ್ದು ಇಂಟೆಲ್ ಚಿಪ್‌ನ ಮ್ಯಾಕ್‌ಬುಕ್ ಪ್ರೊ. ಅದೂ, ಜೂನ್‌ವರೆಗೆ ಕಾಯಬೇಕಾಗಬಹುದು ಅಂದುಕೊಂಡಿದ್ದವರಿಗೆ ಮುಂಚೆಯೇ ಸಿಕ್ಕಿತು.

ಬೆಲೆಯ ಊಹೆಯನ್ನಂತೂ ಕಿವಿಗೆ ಹಾಕ್ಕೋಬೇಡಿ. 2010ರ ಐಪ್ಯಾಡ್‌ಗೆ ಸುಮಾರು 1,000 ಡಾಲರ್ ಆಗುತ್ತೆ ಅಂದವರು ಬಹಳ. ಬಂದಿದ್ದು 499ಕ್ಕೆ.

ಪ್ರಶ್ನೆ: ಅಣ್ಣ, ನಮ್ಮದು ದಾವಣಗೆರೆಯಲ್ಲಿ ಡಿಟಿಪಿ ಸೆಂಟರ್. ಮದುವೆ ಕಾರ್ಡ್, ಕರಪತ್ರ ಎಲ್ಲಾ ನುಡಿಯಲ್ಲಿ ಕನ್ನಡ ಟೈಪ್ ಮಾಡಿ, ಪೇಜ್‌ಮೇಕರ್‌ನಲ್ಲಿ ಪುಟ ಜೋಡಿಸೋದು. ಈ ರೇಟಿಗೆ ಮಿನಿ ತಗೊಂಡ್ರೆ ಹೇಗೆ?

ಉತ್ತರ: ಬೇಡ ಅಣ್ಣ. ಪೇಜ್‌ಮೇಕರ್‌ನ ಕೊನೇ ಆವೃತ್ತಿ ಬಂದಿದ್ದು 2001ರಲ್ಲಿ, ಈಗಿನ ಮ್ಯಾಕ್‌ನಲ್ಲಿ ಅದು ನಡೆಯಲ್ಲ. ನೀವು ಬಳಸುವ ನುಡಿ ವಿಂಡೋಸ್‌ನದು. ಇಂಟೆಲ್ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಇತ್ತು, ವಿಂಡೋಸ್ ಹಾಕಿಕೊಳ್ಳಬಹುದಿತ್ತು. ಎಂ ಚಿಪ್‌ಗಳಲ್ಲಿ ಅದನ್ನು ತೆಗೆದರು. ಮ್ಯಾಕ್‌ನಲ್ಲಿ ಕನ್ನಡ ಕೀಬೋರ್ಡ್ ಇದೆ, ಈಗ ಫೋನ್, ವೆಬ್ ಎಲ್ಲ ಕಡೆ ಬಳಸುವ ಯೂನಿಕೋಡ್ ಅಕ್ಷರದ ಕೆಲಸ ಚೆನ್ನಾಗಿ ಆಗುತ್ತೆ. ಆದರೆ ನಿಮ್ಮ ಹತ್ತು ವರ್ಷದ ಹಳೇ ಫೈಲ್‌ಗಳೆಲ್ಲ ಯೂನಿಕೋಡ್ ಅಲ್ಲದ ಹಳೇ ಪದ್ಧತಿಯ ಆಸ್ಕಿ ಫಾಂಟ್‌ನಲ್ಲಿವೆ ಅಲ್ವಾ? ಮದುವೆ ಸೀಸನ್‌ನಲ್ಲಿ ಅವನ್ನ ಯಾರು ಬದಲಾಯಿಸ್ತಾರೆ? ಅದೇ ದುಡ್ಡಿಗೆ ಒಳ್ಳೇ ವಿಂಡೋಸ್ ಯಂತ್ರ, ಒಂದು ಯುಪಿಎಸ್ ತಗೊಳ್ಳಿ.

ಪ್ರಶ್ನೆ: ಮಿನಿಯಲ್ಲಿ 256 ಜಿಬಿ ಸ್ಟೋರೇಜ್ ಸಾಕಾಗುತ್ತಾ ಸರ್? ಮನೆ ಫೋಟೋಗಳೇ ಜಾಸ್ತಿ ಇವೆ.

ಉತ್ತರ: 512ಕ್ಕೆ ಆಪಲ್ ₹20,000 ಜಾಸ್ತಿ ಕೇಳುತ್ತೆ. ನನಗೆ ಅದು ಹಗಲು ದರೋಡೆ ಅನಿಸುತ್ತೆ. ಫೋಟೋಗಳಿಗೆ ಒಂದು ಹೊರಗಿನ ಎಸ್‌ಎಸ್‌ಡಿ ಹಾಕಿಕೊಳ್ಳಿ. ಹಳೇ ಪೆನ್‌ಡ್ರೈವ್ ಇದ್ದರೆ ಅಡಾಪ್ಟರ್ ಕೂಡ ಬೇಕು, ಈ ಸಲ ಅಗಲ ಬಾಯಿಯ ಯುಎಸ್‌ಬಿ ಒಂದೂ ಇಟ್ಟಿಲ್ಲ.