ಸಹಾಯ ಬೇಕು: ಚಾರ್ಲ್ಸ್ ದೊರೆಯ ಹಡಗು ತೆರಿಗೆ ಕಾನೂನುಬದ್ಧವೇ, ಅಲ್ಲವೇ?

ಎಲ್ಲರಿಗೂ ನಮಸ್ಕಾರ. ಸೋಮವಾರ ಪಿಯುಸಿ ಮಕ್ಕಳಿಗೆ ಇಂಗ್ಲೆಂಡಿನ ಒಂದನೇ ಚಾರ್ಲ್ಸ್ ಮತ್ತು ಪಾರ್ಲಿಮೆಂಟಿನ ಜಗಳದ ಪಾಠ ಮಾಡಬೇಕು. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

1629ರವರೆಗೆ ತೊಂದರೆ ಇಲ್ಲ. ಸಭೆ ಮುಗಿಸಲು ಎದ್ದ ಸ್ಪೀಕರನ್ನು ಸದಸ್ಯರೇ ಕುರ್ಚಿಯಲ್ಲಿ ಅದುಮಿ ಹಿಡಿದು ನಿರ್ಣಯ ಓದಿದರು ಅಂತ ಹೇಳಿದರೆ ಸಾಕು, ಮಕ್ಕಳು ಕಿವಿ ನಿಮಿರಿಸಿ ಕೇಳುತ್ತಾರೆ. ಆಮೇಲೆ 11 ವರ್ಷ ದೊರೆ ಪಾರ್ಲಿಮೆಂಟನ್ನೇ ಕರೆಯಲಿಲ್ಲ. ದುಡ್ಡಿಗಾಗಿ ದೊರೆ ಹಡಗು ತೆರಿಗೆ (ನೌಕಾಪಡೆಯ ಖರ್ಚಿಗೆ ಅಂತ ವಸೂಲಿ ಮಾಡುವ ತೆರಿಗೆ) ಹಾಕಿದ, ಮೊದಲು ಕರಾವಳಿಗೆ, 1635ರಿಂದ ಸಮುದ್ರವೇ ಕಾಣದ ಒಳನಾಡಿಗೂ. ಜಾನ್ ಹ್ಯಾಂಪ್ಡನ್ ಅನ್ನೋ ಜಮೀನ್ದಾರ ಬರೀ 20 ಶಿಲ್ಲಿಂಗ್ ಕೊಡಲು ಒಪ್ಪಲಿಲ್ಲ, ಕೇಸು ಕೋರ್ಟಿಗೆ ಹೋಯಿತು. 1638ರಲ್ಲಿ 12 ನ್ಯಾಯಾಧೀಶರಲ್ಲಿ 7 ಜನ ದೊರೆಯ ಕಡೆ, 5 ಜನ ಹ್ಯಾಂಪ್ಡನ್ ಕಡೆ.

ಗೊಂದಲ ಇಲ್ಲೇ. ಪಾರ್ಲಿಮೆಂಟ್ ಒಪ್ಪದೆ ತೆರಿಗೆ ಕೂಡದು ಅಂತ 1628ರ ಹಕ್ಕಿನ ಮನವಿಗೆ ದೊರೆಯೇ ಒಪ್ಪಿಗೆ ಕೊಟ್ಟಿದ್ದ, ಅಲ್ವಾ? ಹಾಗಿದ್ದೂ ಕೋರ್ಟ್ ಸರಿ ಅಂದಿತು, 1641ರಲ್ಲಿ ಪಾರ್ಲಿಮೆಂಟ್ ಕಾನೂನು ಮಾಡಿ ಆ ತೀರ್ಪನ್ನೇ ರದ್ದು ಮಾಡಿತು. ಎರಡು ಪಠ್ಯಪುಸ್ತಕ ನೋಡಿದೆ, ಹಿರಿಯ ಸಹೋದ್ಯೋಗಿಯನ್ನೂ ಕೇಳಿದೆ. ಎಲ್ಲ ಕಡೆ ‘ಅಕ್ರಮ ತೆರಿಗೆ’ ಅಂತಷ್ಟೇ ಇದೆ. ಸುಮ್ನೆ ಹಾಗೆ ಬರೆಸಲು ಮನಸ್ಸು ಒಪ್ಪುತ್ತಿಲ್ಲ.

ತಿಳಿದವರು ದಯವಿಟ್ಟು ಹೇಳಿ: 1638ರಿಂದ 1641ರವರೆಗೆ ಈ ತೆರಿಗೆ ಕಾನೂನುಬದ್ಧವಾಗಿತ್ತು ಅನ್ನಬೇಕಾ, ಇಲ್ಲಾ ಮೊದಲಿನಿಂದಲೂ ಅಕ್ರಮ ಅನ್ನಬೇಕಾ? ಆ 7 ನ್ಯಾಯಾಧೀಶರು ಹಕ್ಕಿನ ಮನವಿಯನ್ನು ಯಾವ ವಾದದಿಂದ ದಾಟಿದರು?