ಪೇಂಟಿಂಗ್ ಓದೋಕೆ ಮೊದಲು ಕಮ್ಯುನಿಟಿ ಕಾಲೇಜಾ, ನೇರ ಆರ್ಟ್ ಸ್ಕೂಲಾ?

ಸನ್ನಿವೇಲ್_ಅಮ್ಮ:
ಮಗಳಿಗೆ ಈ ಜೂನ್‌ಗೆ ಹೈಸ್ಕೂಲ್ ಮುಗಿಯುತ್ತೆ. ಪೇಂಟಿಂಗೇ ಓದ್ತೀನಿ ಅಂತ ಹಠ. ಲಾಸ್ ಏಂಜಲೀಸ್ ಕಡೆ ಒಂದು ಖಾಸಗಿ ಆರ್ಟ್ ಸ್ಕೂಲಲ್ಲಿ ಸೀಟು ಸಿಕ್ಕಿದೆ. ಟ್ಯೂಷನ್ ಫೀಸು ವರ್ಷಕ್ಕೆ 50 ಸಾವಿರ ಡಾಲರ್ ಮೇಲೆ, ಊಟ-ವಸತಿ ಬೇರೆ. ನಮ್ಮನೆಯವರು "ಪಕ್ಕದಲ್ಲೇ ಕ್ಯುಪರ್ಟಿನೋದಲ್ಲಿ ಡಿ ಆನ್ಜಾ ಅಂತ ಸರಕಾರಿ ಕಮ್ಯುನಿಟಿ ಕಾಲೇಜಿದೆ, ಮೊದಲ ಎರಡು ವರ್ಷ ಅಲ್ಲಿ ಕಡಿಮೆ ಫೀಸಲ್ಲಿ ಓದಿ, ಆಮೇಲೆ ನಾಲ್ಕು ವರ್ಷದ ಡಿಗ್ರಿ ಕಾಲೇಜಿನ ಮೂರನೇ ವರ್ಷಕ್ಕೆ ಟ್ರಾನ್ಸ್‌ಫರ್ ಆಗಲಿ" ಅಂತಾರೆ. ಮಗಳು "ಅಲ್ಲಿ ಆರ್ಟ್ ಅಂದ್ರೆ ರಿಟೈರ್ ಆದವರ ಹವ್ಯಾಸ" ಅಂತ ಮುಖ ಊದಿಸಿಕೊಂಡಿದ್ದಾಳೆ. ಈ ದಾರೀಲಿ ಹೋದವರು ಯಾರಾದ್ರೂ ಇದ್ದೀರಾ?

ಲೆಕ್ಕದ_ಮಾಮ:
ಡಿ ಆನ್ಜಾದಲ್ಲಿ ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಕ್ವಾರ್ಟರ್ ಯೂನಿಟ್‌ಗೆ, ಅಂದ್ರೆ ಸುಮಾರು ಮೂರು ತಿಂಗಳ ಟರ್ಮಿನ ಒಂದು ಕ್ರೆಡಿಟ್‌ಗೆ, 31 ಡಾಲರ್. ಟ್ರಾನ್ಸ್‌ಫರ್‌ಗೆ ಬೇಕಾಗೋದು 90 ಯೂನಿಟ್. ಅಂದ್ರೆ ಎರಡು ವರ್ಷದ ಟ್ಯೂಷನ್ 2,790 ಡಾಲರ್. ಬಣ್ಣ, ಕ್ಯಾನ್ವಾಸ್‌ಗೆ ಅದಕ್ಕಿಂತ ಜಾಸ್ತಿ ಖರ್ಚಾದರೂ ಆಶ್ಚರ್ಯ ಇಲ್ಲ. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ?

ಕಾವಾ_ಹಳಬ:
ಇದೆ ಮಾಮ. ಆರ್ಟ್ ಸ್ಕೂಲಿನ ಫೌಂಡೇಶನ್ ವರ್ಷ, ಅಂದ್ರೆ ಬುನಾದಿ ಹಾಕೋ ಮೊದಲ ವರ್ಷ, ನಿಮ್ಮ ಲೆಕ್ಕದಲ್ಲಿ ಎಲ್ಲೂ ಕಾಣಲ್ಲ. ನಾನು ಮೈಸೂರಿನ ಚಿತ್ರಕಲಾ ಕಾಲೇಜು ಕಾವಾದಲ್ಲಿ ಓದಿದವನು. ಮೊದಲ ವರ್ಷ ಬೆಳಗ್ಗೆಯಿಂದ ಸಂಜೆವರೆಗೆ ಅದೇ ಹುಡುಗರು, ಅದೇ ಸ್ಟುಡಿಯೋ. ಪಕ್ಕದವನ ಗೆರೆ ನೋಡಿ ಹೊಟ್ಟೆ ಉರೀತಿತ್ತು, ಆ ಉರಿಯಲ್ಲೇ ಕೈ ಪಳಗಿತು. ಮೂರನೇ ವರ್ಷಕ್ಕೆ ಬಂದು ಸೇರ್ಕೊಂಡವರಿಗೆ ಅದು ಸಿಗಲ್ಲ.
ಇನ್ನೊಂದು ವಿಷಯ. ಆರ್ಟ್ ಸ್ಕೂಲು ಕೊಡೋ ಬಿಎಫ್‌ಎ (ಲಲಿತಕಲೆಯ ಪದವಿ) ಅಂದ್ರೆ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಸ್ಟುಡಿಯೋ. ನೀವು 90 ಯೂನಿಟ್ ಹೊತ್ಕೊಂಡು ಹೋದ್ರೂ ಆರ್ಟ್ ಸ್ಕೂಲಿನವರು ಪೋರ್ಟ್‌ಫೋಲಿಯೋ (ನೀವು ಮಾಡಿದ ಚಿತ್ರಗಳ ಸಂಗ್ರಹ) ನೋಡಿ "ಎರಡನೇ ವರ್ಷಕ್ಕೆ ಸೇರ್ಕೋ" ಅನ್ನಬಹುದು. ಆಗ ಎರಡು ಪ್ಲಸ್ ಎರಡು ಅಲ್ಲ, ಎರಡು ಪ್ಲಸ್ ಮೂರು.

ಇಜ್ಜಲು:
ನಾನು ಇದೇ ದಾರೀಲಿ ಹೋದವಳು ಅಕ್ಕ. ಬೇ ಏರಿಯಾದ ಒಂದು ಕಮ್ಯುನಿಟಿ ಕಾಲೇಜಿಂದ ಯುಸಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ), ಆರ್ಟ್ ಬಿಎ.
ರಿಟೈರ್ ಆದವರು ಇರ್ತಾರೆ, ನಿಜ. ನನ್ನ ಫಿಗರ್ ಡ್ರಾಯಿಂಗ್ ಕ್ಲಾಸಲ್ಲಿ ಒಬ್ಬರು ನಿವೃತ್ತ ನರ್ಸ್ ಇದ್ದರು. ಭುಜದ ಮೂಳೆ ಚರ್ಮದ ಕೆಳಗೆ ಹೇಗೆ ಜರುಗುತ್ತೆ ಅಂತ ಮೇಷ್ಟ್ರಿಗಿಂತ ಚೆನ್ನಾಗಿ ಹೇಳೋರು. ಹದಿನೆಂಟರ ಹುಡುಗರೇ ತುಂಬಿದ್ದ ಕ್ಲಾಸಲ್ಲಿ ಅದು ಸಿಗ್ತಿರಲಿಲ್ಲ.
ಆದರೆ ಮಗಳಿಗೆ ಒಂದು ಮಾತು ಹೇಳಿ. ಕೌನ್ಸೆಲರ್‌ಗಳು "ಮೊದಲು ಇಂಗ್ಲಿಷ್, ಗಣಿತ, ಸೈನ್ಸ್ ಎಲ್ಲ ಮುಗಿಸ್ಕೋ" ಅಂತಾರೆ. ಬೇರೆ ಮೇಜರ್‌ಗೆ ಸರಿ, ಆರ್ಟ್‌ಗೆ ಅದೇ ಉರುಳು. ಯುಸಿ ಅರ್ಜಿ ಹೋಗೋದು ಎರಡನೇ ವರ್ಷದ ಅಕ್ಟೋಬರ್-ನವೆಂಬರಲ್ಲಿ. ಪೋರ್ಟ್‌ಫೋಲಿಯೋ ಕೇಳೋ ಕಡೆ ಅದರ ಬೆನ್ನಲ್ಲೇ ಚಿತ್ರಗಳನ್ನೂ ಕಳಿಸ್ಬೇಕು. ಅಂದ್ರೆ ಎರಡು ವರ್ಷದ ಕೆಲಸ ತೋರಿಸ್ತೀನಿ ಅಂದ್ಕೊಂಡವರ ಕೈಯಲ್ಲಿರೋದು ಒಂದು ವರ್ಷ ಚಿಲ್ಲರೆ ಕೆಲಸ. ಆ ವರ್ಷವನ್ನ ಬರೀ ಸ್ಟ್ಯಾಟಿಸ್ಟಿಕ್ಸ್‌ಗೆ ಕೊಟ್ಟರೆ ತೋರಿಸೋಕೆ ಹೈಸ್ಕೂಲಿನ ಹೂದಾನಿಗಳೇ ಗತಿ. ಮೊದಲ ಕ್ವಾರ್ಟರಿಂದಲೇ ಡ್ರಾಯಿಂಗ್, 2-ಡಿ ಡಿಸೈನ್ ಇರಬೇಕು.

ಹುಬ್ಬಳ್ಳಿ_ಮಂದಿ:
ನೋಡ್ರಿ ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಎಲ್ಲಿ ಓದಬೇಕು ಅಂತ ಎಲ್ಲಾರೂ ಹೇಳಾಕತ್ತಾರ, ಓದಿ ಏನು ಮಾಡಬೇಕು ಅಂತ ಯಾರೂ ಹೇಳವಲ್ಲರು. ಕಂಪ್ಯೂಟರ್ ಮೇಜರ್ ಮಾಡ್ಲಿ, ಚಿತ್ರ ಸಂಜೀಕ ತಗೀಲಿ.

ಇಜ್ಜಲು:
ಕಂಪ್ಯೂಟರ್ ಮುಗಿಸಿ ಮನೇಲಿ ಕೂತವರು ನಿಮಗೆ ಯಾರೂ ಗೊತ್ತಿಲ್ವಾ ಅಣ್ಣ?
ಕಮ್ಯುನಿಟಿ ಕಾಲೇಜಿಂದ ದೊಡ್ಡವರಾದವರೂ ಇದ್ದಾರೆ. ಕಲಾವಿದೆ ಬೆಟಿ ಸಾರ್ ಪಸಡೀನಾ ಸಿಟಿ ಕಾಲೇಜಲ್ಲಿ ಓದಿ ಯುಸಿಎಲ್‌ಎಗೆ (ಲಾಸ್ ಏಂಜಲೀಸಿನ ಯುಸಿ) ಹೋಗಿ 1949ರಲ್ಲಿ ಡಿಗ್ರಿ ತಗೊಂಡವರು. ಪೇಂಟರ್ ಕೆರಿ ಜೇಮ್ಸ್ ಮಾರ್ಷಲ್ ಲಾಸ್ ಏಂಜಲೀಸ್ ಸಿಟಿ ಕಾಲೇಜಿಂದ ಓಟಿಸ್ ಅನ್ನೋ ಆರ್ಟ್ ಸ್ಕೂಲಿಗೆ ಹೋದವರು. 2018ರಲ್ಲಿ ಅವರ ಒಂದು ಚಿತ್ರ 2 ಕೋಟಿ 11 ಲಕ್ಷ ಡಾಲರ್‌ಗೆ ಹರಾಜಾಯ್ತು.

ಹುಬ್ಬಳ್ಳಿ_ಮಂದಿ:
ಆ ರೊಕ್ಕ ಮಾರ್ಷಲ್ ಅವ್ರ ಕಿಸೇಕ ಬಿತ್ತೇನ್ರಿ? ಮಾರಿದ್ದು ಶಿಕಾಗೋದ ಸರಕಾರಿ ಸಂಸ್ಥಾ. 1997ರಾಗ 25 ಸಾವಿರಕ್ಕ ತಗೊಂಡಿತ್ತು. ನೀವು ಕೊಟ್ಟ ಉದಾಹರಣಿನ ನನ್ನ ಕಡೆ ಸಾಕ್ಷಿ ಹೇಳ್ತದ 😄

ಲೆಕ್ಕದ_ಮಾಮ:
ಇದಕ್ಕೆ ಇಜ್ಜಲು ಹತ್ರ ಉತ್ತರ ಇಲ್ಲ ಅನ್ಸುತ್ತೆ, ನನ್ನ ಹತ್ರಾನೂ ಇಲ್ಲ. ಆದ್ರೆ ನಿಮ್ಮ ಮಾತಿಂದ ಸಾಬೀತಾಗೋದು ಆರ್ಟ್‌ಗೆ ಸಾಲ ಮಾಡಬಾರದು ಅಂತ. ಆರ್ಟ್ ಓದಬಾರದು ಅಂತಲ್ಲ.

ಕಾವಾ ಅವರಿಗೆ: ಫೌಂಡೇಶನ್ ವರ್ಷದ ಬಗ್ಗೆ ಒಪ್ಪಿದೆ. ಎರಡು ಪ್ಲಸ್ ಮೂರು ಆದ್ರೂ ದುಬಾರಿ ವರ್ಷ ನಾಲ್ಕರ ಬದಲು ಮೂರಾಯ್ತು, ಒಂದು ವರ್ಷದ 50 ಸಾವಿರ ಉಳೀತು. ಇನ್ನು ಆರ್ಟ್ ಸ್ಕೂಲಿನ ದೊಡ್ಡ ಹೆಸರಿನ ಮಾತು. 1871ರಲ್ಲಿ ಶುರುವಾದ ಸ್ಯಾನ್ ಫ್ರಾನ್ಸಿಸ್ಕೋ ಆರ್ಟ್ ಇನ್ಸ್ಟಿಟ್ಯೂಟ್ 2022ರಲ್ಲಿ ಬಾಗಿಲು ಹಾಕ್ತು. ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್ 2024ರಲ್ಲಿ ಮುಚ್ಚುತ್ತೀವಿ ಅಂತ ಹೇಳಿ ಒಂದೇ ವಾರಕ್ಕೆ ಮುಚ್ಚಿತು. ಅಲ್ಲಿನ ಮಕ್ಕಳು ಬೇಡ ಅಂದ್ರೂ ಟ್ರಾನ್ಸ್‌ಫರ್ ಸ್ಟೂಡೆಂಟ್‌ಗಳಾದರು.

ಕಾವಾ_ಹಳಬ:
ಸ್ಕೂಲುಗಳು ಮುಚ್ಚಿದ ಮಾತು ಚುಚ್ಚಿತು, ಯಾಕಂದ್ರೆ ನಿಜ. ಆದರೂ ಒಂದು ಕೇಳ್ತೀನಿ. ಕಮ್ಯುನಿಟಿ ಕಾಲೇಜಲ್ಲಿ ಒಂದೇ ಪೇಂಟಿಂಗ್ ಕ್ಲಾಸನ್ನ ಮತ್ತೆ ಮತ್ತೆ ತಗೊಳ್ಳೋಕೆ ಬಿಡಲ್ಲ, 2013ರಿಂದ ನಿಯಮ ಬಿಗಿ. ಒಂದು ಗುಂಪಿನಲ್ಲಿ ನಾಲ್ಕು ಕೋರ್ಸ್ ಮುಗಿದ್ರೆ ಅಲ್ಲಿಗೆ ನಿಲ್ತು. ಕೈ ಪಳಗೋದು ಒಂದೇ ಕೆಲಸ ನೂರು ಸಲ ಮಾಡಿದಾಗ. ಅದನ್ನೇ ತಡೆಯೋ ಜಾಗದಲ್ಲಿ ಚಿತ್ರಕಲೆ ಹೇಗೆ ಕಲೀತಾರೆ?

ಇಜ್ಜಲು:
ಎರಡು ವರ್ಷದಲ್ಲಿ ಟ್ರಾನ್ಸ್‌ಫರ್ ಆಗೋರಿಗೆ ಆ ಮಿತಿ ತಟ್ಟೋದೇ ಇಲ್ಲ ಸರ್. ತಟ್ಟಿದ್ದು ಆ ನರ್ಸ್ ಅಂಥವರಿಗೆ.

ಸನ್ನಿವೇಲ್_ಅಮ್ಮ:
ಹಾಗಾದ್ರೆ ಡಿ ಆನ್ಜಾಗೆ ಸೇರಿದ ಮೇಲೆ ನಿಧಾನವಾಗಿ ಎಲ್ಲಿಗೆ ಹೋಗೋದು ಅಂತ ನೋಡಿದ್ರೆ ಆಗುತ್ತಾ?

ಇಜ್ಜಲು:
ಆಗಲ್ಲ ಅಕ್ಕ, ಇಲ್ಲೇ ಎಲ್ಲರೂ ಜಾರೋದು. ಯುಸಿ ದಾರಿಗೆ ಜನರಲ್ ಎಜುಕೇಶನ್ ಪಟ್ಟಿ (ಇಂಗ್ಲಿಷ್, ಗಣಿತ, ಸೈನ್ಸ್ ಥರದ ಸಾಮಾನ್ಯ ವಿಷಯಗಳು) ಮುಗಿಸ್ಕೊಂಡ್ರೆ ಅನುಕೂಲ, 2025ರಿಂದ ಅದಕ್ಕೆ ಕ್ಯಾಲ್-ಗೆಟ್ಸಿ ಅಂತಾರೆ. ಖಾಸಗಿ ಆರ್ಟ್ ಸ್ಕೂಲಿಗೆ ಆ ಪಟ್ಟಿಯ ಅರ್ಧ ಲೆಕ್ಕಕ್ಕೇ ಬರಲ್ಲ. ಅವರು ನೋಡೋದು ಚಿತ್ರ, ಆಮೇಲೆ ಆರ್ಟ್ ಹಿಸ್ಟರಿ. ಎರಡು ದೋಣಿಗೂ ಕಾಲಿಟ್ಟರೆ ಮೂರು ವರ್ಷ ಹಿಡಿಯುತ್ತೆ. ಎಲ್ಲಿಗೆ ಅನ್ನೋದು ಮೊದಲ ಬೇಸಿಗೆಯಲ್ಲೇ ಗೊತ್ತಿರಲಿ.
ಅಸಿಸ್ಟ್ ಅನ್ನೋ ವೆಬ್‌ಸೈಟಲ್ಲಿ ಡಿ ಆನ್ಜಾದ ಯಾವ ಕ್ಲಾಸು ಯಾವ ಯುಸಿ, ಯಾವ ಸ್ಟೇಟ್ ಯೂನಿವರ್ಸಿಟಿಯ ಯಾವ ಕ್ಲಾಸಿಗೆ ಸಮ ಅಂತ ಸಾಲುಸಾಲಾಗಿ ಇದೆ. ಖಾಸಗಿ ಸ್ಕೂಲುಗಳು ಅದರಲ್ಲಿಲ್ಲ, ಅವರನ್ನ ನೇರ ಕೇಳ್ಬೇಕು. ಈಗ ಸೀಟು ಕೊಟ್ಟಿರೋ ಸ್ಕೂಲಿಗೇ ಇಮೇಲ್ ಹಾಕಿ, ಎರಡು ವರ್ಷ ಬಿಟ್ಟು ಬಂದ್ರೆ ಏನೇನು ಒಪ್ತೀರಿ ಅಂತ.

ಲೆಕ್ಕದ_ಮಾಮ:
ಆರು ಯುಸಿ ಕ್ಯಾಂಪಸ್‌ಗಳಿಗೆ ಟ್ಯಾಗ್ ಅಂತ ಒಪ್ಪಂದ ಇದೆ, ಷರತ್ತು ಪೂರೈಸಿದ್ರೆ ಟ್ರಾನ್ಸ್‌ಫರ್ ಸೀಟು ಗ್ಯಾರಂಟಿ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್. ಕೆಲವು ಮೇಜರ್‌ಗಳಿಗೆ ಅನ್ವಯಿಸಲ್ಲ, ಆರ್ಟ್‌ಗೆ ಯಾವ ಕ್ಯಾಂಪಸಲ್ಲಿ ಇದೆ ಅಂತ ನೋಡ್ಕೊಳ್ಳಿ. ಅರ್ಜಿ ಸೆಪ್ಟೆಂಬರಲ್ಲೇ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೋ ಇದರಲ್ಲಿಲ್ಲ.
ನೀವು ಯಾವ ವೀಸಾದಲ್ಲಿದ್ದೀರಿ? ಎಚ್-4 (ಕೆಲಸದ ವೀಸಾದವರ ಕುಟುಂಬಕ್ಕೆ ಕೊಡೋ ವೀಸಾ) ಆಗಿದ್ರೆ ಮಗಳ ವಯಸ್ಸು ಲೆಕ್ಕ ಹಾಕಿ. 21 ತುಂಬಿದ್ರೆ ಎಚ್-4 ಹೋಯ್ತು. ಟ್ರಾನ್ಸ್‌ಫರ್ ಆಗೋ ಹೊತ್ತಿಗೆ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕಾದ್ರೆ ನಿವಾಸಿ ಫೀಸು ಕೈತಪ್ಪಬಹುದು, ಮೇಲಿನ ಲೆಕ್ಕವೆಲ್ಲ ತಲೆಕೆಳಗು. ಕಾಲೇಜಿನ ಮಾತು ಆಮೇಲೆ, ಮೊದಲು ಇದನ್ನ ವಕೀಲರ ಹತ್ರ ಕೇಳಿ.

ಸನ್ನಿವೇಲ್_ಅಮ್ಮ:
ಗ್ರೀನ್ ಕಾರ್ಡ್ ಬಂದಿದೆ, ಪುಣ್ಯ. ಇದನ್ನೆಲ್ಲ ಮಗಳಿಗೆ ಓದಿ ಹೇಳಿದೆ. ಡಿ ಆನ್ಜಾ ಕೌನ್ಸೆಲರ್ ಹತ್ರ ಅವಳೇ ಅಪಾಯಿಂಟ್‌ಮೆಂಟ್ ತಗೊಂಡಿದ್ದಾಳೆ. ನಾನು ಜೊತೆಗೆ ಬರಬಾರದಂತೆ.

ಕಾವಾ_ಹಳಬ:
ಹೋಗಬೇಡಿ. ಕೌನ್ಸೆಲರ್ ಆದಮೇಲೆ ಆರ್ಟ್ ಡಿಪಾರ್ಟ್‌ಮೆಂಟಿಗೂ ಹೋಗಿ ಡ್ರಾಯಿಂಗ್ ಹೇಳಿಕೊಡೋರನ್ನ ನೋಡೋಕೆ ಹೇಳಿ, ಸ್ಕೆಚ್‌ಬುಕ್ ತಗೊಂಡು. ಫೋನಲ್ಲಿರೋ ಫೋಟೋ ಬೇಡ.