‘ಫುಲ್ ಟೈಮ್’ಗೆ ‘ಪೂರ್ಣಾವಧಿ’ ಸಾಕೇ? ಅಮೆರಿಕದ ಆರೋಗ್ಯ ವಿಮೆ ಕಾನೂನಿನ ಮೂರು ಪದಗಳು

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ರೆಸ್ಟೋರೆಂಟ್ ನಡೆಸುವ ನೆಂಟರೊಬ್ಬರಿಗೆ ಅಲ್ಲಿನ ಆರೋಗ್ಯ ವಿಮೆ ಕಾನೂನಿನ ಬಗ್ಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆದುಕೊಡುತ್ತಿದ್ದೇನೆ. 2010ರ ಅಫೋರ್ಡಬಲ್ ಕೇರ್ ಆ್ಯಕ್ಟ್, ಜನ ಒಬಾಮಾಕೇರ್ ಅಂತಾರಲ್ಲ, ಅದೇ. ‘ಫುಲ್ ಟೈಮ್’ ಅನ್ನುವಲ್ಲೇ ಸಿಕ್ಕಿಕೊಂಡಿದ್ದೇನೆ. ನಿಘಂಟಿನ ‘ಪೂರ್ಣಾವಧಿ’ ನನಗೆ ಯಾಕೋ ಒಪ್ಪುತ್ತಿಲ್ಲ.

ನಮ್ಮ ಪತ್ರಿಕೆಗಳಲ್ಲಿ ಪೂರ್ಣಾವಧಿ ಅಂದರೆ ಮುಖ್ಯಮಂತ್ರಿ ಐದು ವರ್ಷ ಮುಗಿಸಿದ್ದು. ನೌಕರಿ ವಿಚಾರಕ್ಕೆ ಬಂದರೆ ಕೇಳುವವರ ಕಿವಿಗೆ ‘ಕಾಯಂ’ ಅಂತಲೇ ಬೀಳುತ್ತದೆ. ಈ ಕಾನೂನಿಗೆ ಅದೆಲ್ಲ ಬೇಕಿಲ್ಲ, ಬರೀ ಗಂಟೆ ಲೆಕ್ಕ. ವಾರಕ್ಕೆ ಸರಾಸರಿ 30 ಗಂಟೆ, ಇಲ್ಲವೇ ತಿಂಗಳಿಗೆ 130. ಅಲ್ಲಿನ ಜನರ ಮಾತಿನಲ್ಲಿ ಫುಲ್ ಟೈಮ್ ಅಂದರೆ 40 ಗಂಟೆ, ಓವರ್‌ಟೈಮ್ ಶುರುವಾಗುವುದೂ 40 ದಾಟಿದ ಮೇಲೆ. ಹಾಗಾಗಿ ವಾರಕ್ಕೆ 32 ಗಂಟೆ ಸಪ್ಲೈಯರ್ ಕೆಲಸ ಮಾಡುವ ಕಾಲೇಜು ಹುಡುಗನನ್ನು ಮಾಲೀಕರು ಪಾರ್ಟ್ ಟೈಮ್ ಅಂತಾರೆ, ಅವನೂ ಹಾಗೇ ಹೇಳಿಕೊಳ್ಳುತ್ತಾನೆ, ಕಾನೂನು ಮಾತ್ರ ಅವನನ್ನು ಫುಲ್ ಟೈಮ್ ಪಟ್ಟಿಗೆ ಸೇರಿಸುತ್ತದೆ. (30 ಅನ್ನು 40 ಮಾಡುವ ಮಸೂದೆ 2015ರಲ್ಲಿ ಅಲ್ಲಿನ ಕೆಳಮನೆಯಲ್ಲಿ ಪಾಸಾಗಿತ್ತು, ಕಾನೂನಾಗಲಿಲ್ಲ.) 30 ಮುಟ್ಟಿದರೆ ವಿಮೆ ಕೊಡಬೇಕಾದೀತು ಅಂತಲೇ ಹೋಟೆಲಿನವರು ಹುಡುಗರಿಗೆ 28-29 ಗಂಟೆಗೇ ಶಿಫ್ಟ್ ಹಾಕಿ ನಿಲ್ಲಿಸುತ್ತಾರೆ. ಇದಕ್ಕೆ ‘30 ಗಂಟೆಯ ನೌಕರ’ ಅಂದುಬಿಟ್ಟರೆ ಹೇಗೆ?

ಎರಡನೆಯದು ಇನ್ನೂ ಕಷ್ಟ, ‘ಫುಲ್ ಟೈಮ್ ಈಕ್ವಿವಲೆಂಟ್’, ಅಂದರೆ ಪಾರ್ಟ್ ಟೈಮ್‌ನವರ ಗಂಟೆ ಕೂಡಿಸಿದರೆ ಎಷ್ಟು ಫುಲ್ ಟೈಮ್ ನೌಕರರಿಗೆ ಸಮ ಅನ್ನುವ ಲೆಕ್ಕ. ಹಿಂದಿನ ವರ್ಷದಲ್ಲಿ ನೌಕರರ ಸರಾಸರಿ ಸಂಖ್ಯೆ 50 ಮುಟ್ಟಿದರೆ ಮಾಲೀಕರು ವಿಮೆ ಕೊಡಬೇಕು, ಇಲ್ಲಾ ದಂಡಕ್ಕೆ ತಯಾರಿರಬೇಕು. ಈ 50ಕ್ಕೆ ಪಾರ್ಟ್ ಟೈಮ್‌ನವರ ಗಂಟೆಯೂ ಸೇರುತ್ತದೆ, ತಿಂಗಳ ಗಂಟೆಗಳನ್ನೆಲ್ಲ ಕೂಡಿಸಿ 120ರಿಂದ ಭಾಗಿಸಬೇಕು. 40 ಜನ ಫುಲ್ ಟೈಮ್, ಜೊತೆಗೆ ತಿಂಗಳಿಗೆ 60 ಗಂಟೆ ಬರುವ 20 ಜನ ಇದ್ದಾರೆ ಅನ್ನಿ. 1,200 ಗಂಟೆ ಆಯ್ತು, ಅಂದರೆ ಹತ್ತು ಜನ, ಒಟ್ಟು 50. ಸಿಕ್ಕಿಬಿದ್ದಿರಿ! ತಮಾಷೆ ಏನಂದರೆ ಈ 20 ಜನಕ್ಕೆ ವಿಮೆ ಕೊಡಲೇಬೇಕು ಅಂತಿಲ್ಲ, ದಂಡದ ಲೆಕ್ಕದಲ್ಲೂ ಅವರಿಲ್ಲ. ಯಾರಿಗೂ ವಿಮೆ ಕೊಡದೆ, ಫುಲ್ ಟೈಮ್‌ನವರಲ್ಲಿ ಒಬ್ಬರಾದರೂ ಸರ್ಕಾರದ ಸಹಾಯಧನದಲ್ಲಿ ವಿಮೆ ಕೊಂಡರೆ, ಆ 40ರಲ್ಲಿ 30 ಬಿಟ್ಟು ಉಳಿದ ಹತ್ತಕ್ಕೆ ದಂಡ. 2025ರ ದರದಲ್ಲಿ ತಲೆಗೆ 2,900 ಡಾಲರ್, ಅಂದರೆ ವರ್ಷಕ್ಕೆ 29,000.

‘ಪೂರ್ಣಾವಧಿ ಸಮಾನ ನೌಕರ’ ಅಂತ ಬರೆದರೆ ನಮ್ಮ ನೆಂಟರು ಸಂಬಳ ಸಮಾನವೋ, ಹಕ್ಕು ಸಮಾನವೋ ಅಂತ ಕೇಳುತ್ತಾರೆ. ಹಳ್ಳಿಯಲ್ಲಿ ಎಕರೆ ನಾಟಿಗೆ ಇಷ್ಟು ಆಳು ಅನ್ನುತ್ತೇವಲ್ಲ, ಆ ‘ಆಳು’ ವ್ಯಕ್ತಿಯಲ್ಲ, ಒಂದು ಅಳತೆ. ಅದರಿಂದ ‘ಲೆಕ್ಕದಾಳು’ ಅಂತ ಮಾಡಬಹುದು ಅನ್ನಿಸಿತು. ಆದರೆ ಕೆಲಸಗಾರರು ಓದಿದರೆ ‘ಆಳು’ ಅಂದದ್ದಕ್ಕೆ ಬೇಜಾರಾಗುತ್ತಾರೇನೋ.

ಮೂರನೆಯದು ‘ಅವರ್ಸ್ ಆಫ್ ಸರ್ವಿಸ್’, ಮೇಲಿನ ಲೆಕ್ಕಕ್ಕೆಲ್ಲ ಎಣಿಸುವ ಗಂಟೆಗೆ ಕಾನೂನು ಇಟ್ಟ ಹೆಸರು. ಇದನ್ನು ‘ದುಡಿದ ಗಂಟೆ’ ಅಂದರೆ ತಪ್ಪಾಗುತ್ತದೆ. ಸಂಬಳ ಸಹಿತ ರಜೆಯೂ ಇದರಲ್ಲಿ ಬರುತ್ತದೆ. ‘ಸೇವಾ ಗಂಟೆ’ ಅಂದರೆ ದೇವಸ್ಥಾನದ ನೆನಪು ಬರುತ್ತದೆ. ಸದ್ಯಕ್ಕೆ ‘ಸಂಬಳದ ಗಂಟೆ’ ಅಂತ ಹಾಕಿದ್ದೇನೆ.

ನಮ್ಮಲ್ಲಿ ಈ ಪದಗಳು ಹುಟ್ಟದೇ ಇದ್ದದ್ದು ಸಹಜವೇ. ನಮ್ಮ ನೌಕರರ ವಿಮೆ ಯೋಜನೆ ಇಎಸ್‌ಐ ಗಂಟೆ ನೋಡುವುದಿಲ್ಲ. ಹತ್ತು ಜನ ಇದ್ದಾರಾ, ತಿಂಗಳ ಸಂಬಳ 21,000 ರೂಪಾಯಿ ಒಳಗಾ, ಅಷ್ಟೇ. ಬೆಳಗ್ಗೆ ತಿಂಡಿ ಹೊತ್ತಿಗೆ ಬಂದು ಮಧ್ಯಾಹ್ನ ಮನೆಗೆ ಹೋಗಿ ಮತ್ತೆ ರಾತ್ರಿ ಊಟಕ್ಕೆ ಬರುವ ಬ್ರೇಕ್ ಶಿಫ್ಟ್‌ನವರ ಗಂಟೆಯನ್ನು ವಿಮೆಗೋಸ್ಕರ ಯಾರು ಎಣಿಸುತ್ತಾರೆ?

ಹೋಟೆಲ್ ಅಥವಾ ಲೆಕ್ಕಪತ್ರದ ಕೆಲಸದಲ್ಲಿರುವವರು ‘ಲೆಕ್ಕದಾಳು’ ಬಗ್ಗೆ ಒಂದು ಮಾತು ಹೇಳಿ. ಇದಕ್ಕಿಂತ ಒಳ್ಳೆಯದು ಬಳಕೆಯಲ್ಲಿದ್ದರೆ ಅದನ್ನೇ ಹಾಕುತ್ತೇನೆ. ಹೊಸದಾಗಿ ಟಂಕಿಸಿದ ಸಂಸ್ಕೃತ ಪದ ಮಾತ್ರ ದಯವಿಟ್ಟು ಬೇಡ, ಓದುವವರು ಅಡುಗೆಮನೆಯ ಗಡಿಬಿಡಿಯ ನಡುವೆ ಓದಬೇಕು.